ಕೆಮಿಕಲ್ ಬಾಂಡಿಂಗ್ ಉರು ಹೊಡೆಯಬೇಡಿ, ಲೆಕ್ಕ ಹಾಕಿ

ಪರಮಾಣುಗಳು ಒಂದಕ್ಕೊಂದು ಹೇಗೆ ಸೇರುತ್ತವೆ ಅಂತ ಹೇಳುವ ಕೆಮಿಕಲ್ ಬಾಂಡಿಂಗ್ ಅಂದರೆ ಹೆದರುವ ಮಕ್ಕಳೇ ಜಾಸ್ತಿ. ವಿಷಯ ಅಷ್ಟೊಂದು ಕಷ್ಟದ್ದಲ್ಲ, ಅದು ನಮ್ಮ ಮುಂದೆ ಬರುವ ರೀತಿ ಹಾಗಿದೆ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಬಂಧಕ್ಕೆ ಅಂತಲೇ ಒಂದು ಪಾಠ ಇಲ್ಲ. ಪ್ಲಸ್-ಮೈನಸ್ ಸೆಳೆತದಿಂದ ಆಗುವ ಅಯಾನಿಕ ಬಂಧ ಲೋಹ-ಅಲೋಹಗಳ ಪಾಠದೊಳಗೆ ಬರುತ್ತದೆ, ಎಲೆಕ್ಟ್ರಾನ್ ಹಂಚಿಕೆಯಿಂದ ಆಗುವ ಸಹವೇಲೆನ್ಸಿ ಬಂಧ ಕಾರ್ಬನ್ ಪಾಠದೊಳಗೆ ಬರುತ್ತದೆ. ಹಾಗಾಗಿ ಎರಡಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಸೈನ್ಸ್ ತೆಗೆದುಕೊಂಡು ಪಿಯುಸಿಗೆ ಬಂದರೆ ಇಡೀ ಅಧ್ಯಾಯ ಒಂದೇ ಸಲ ಮೈಮೇಲೆ ಬೀಳುತ್ತದೆ, ಅದೂ ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂನಿಂದ ಬಂದವರ ಪಾಡು ಹೇಳಬೇಕಾ?

ಹತ್ತನೇ ಕ್ಲಾಸಿನವರಿಗೂ ಫಸ್ಟ್ ಪಿಯುಸಿಯವರಿಗೂ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಪೆನ್ಸಿಲ್, ಹಾಳೆ ಇಟ್ಟುಕೊಂಡು ಓದಿ. ಸುಮ್ನೆ ಕಣ್ಣಾಡಿಸಿದರೆ ಇದು ತಲೆಗೆ ಹತ್ತುವುದಿಲ್ಲ.

ಬಾಯಿಗೆ ಬರಬೇಕಾದದ್ದು ಒಂದೇ

ಮೊದಲ 20 ಧಾತುಗಳ ಹೊರಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಇವೆ ಅನ್ನುವುದು ತಟ್ಟನೆ ಹೇಳಲು ಬರಬೇಕು. ಇದಕ್ಕೂ ಉರು ಹೊಡೆಯುವುದು ಬೇಡ, ಆವರ್ತಕ ಕೋಷ್ಟಕದ ಗುಂಪಿನ ನಂಬರ್ ನೋಡಿದರೆ ಸಾಕು. 1 ಮತ್ತು 2ನೇ ಗುಂಪಿನ ಧಾತುಗಳಿಗೆ ಅದೇ ಸಂಖ್ಯೆ. 13ರಿಂದ 18ನೇ ಗುಂಪಿನವರೆಗೆ ನಂಬರಿನಿಂದ 10 ಕಳೆಯಿರಿ. ಕಾರ್ಬನ್ 14ನೇ ಗುಂಪು, ಹಾಗಾಗಿ 4. ನೈಟ್ರೋಜನ್ 15, ಅಂದರೆ 5. ಆಕ್ಸಿಜನ್ 6, ಕ್ಲೋರಿನ್ 7. ಹೀಲಿಯಂ ಮಾತ್ರ 18ನೇ ಗುಂಪಿನಲ್ಲಿದ್ದರೂ ಅದರ ಹತ್ತಿರ ಇರುವುದೇ ಎರಡು ಎಲೆಕ್ಟ್ರಾನ್. ಮಧ್ಯದ 3ರಿಂದ 12ರವರೆಗಿನ ಗುಂಪುಗಳಿಗೆ ಈ ಲೆಕ್ಕ ನಡೆಯುವುದಿಲ್ಲ, ಸದ್ಯಕ್ಕೆ ಅವುಗಳ ತಂಟೆಗೆ ಹೋಗಬೇಡಿ.

ಪರಮಾಣುಗಳು ಯಾಕೆ ಸೇರುತ್ತವೆ

ಈ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಹೊರಕವಚದಲ್ಲಿ 8 ಎಲೆಕ್ಟ್ರಾನ್ ಮಾಡಿಕೊಳ್ಳಲು. ಪರೀಕ್ಷೆಗೆ ಈ ಉತ್ತರ ಸಾಕು, ಅರ್ಥಕ್ಕೆ ಸಾಲದು. ಪರಮಾಣುವಿಗೆ ಆಸೆ ಇಲ್ಲ, ಎಣಿಸಲು ಬರುವುದಿಲ್ಲ. ಎಂಟರ ನಿಯಮ ಏನಾಗುತ್ತದೆ ಅಂತ ಊಹಿಸಲು ಒಳ್ಳೆಯ ಸಾಧನ. ಯಾಕೆ ಆಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ.

ಎರಡು ಹೈಡ್ರೋಜನ್ ಪರಮಾಣುಗಳನ್ನೇ ತೆಗೆದುಕೊಳ್ಳಿ. ದೂರದಲ್ಲಿದ್ದಾಗ ಒಂದಕ್ಕೆ ಇನ್ನೊಂದರ ಪರಿವೆಯೇ ಇಲ್ಲ. ಹತ್ತಿರ ಬರುತ್ತಿದ್ದ ಹಾಗೆ ಈ ಕಡೆಯ ನ್ಯೂಕ್ಲಿಯಸ್ ಆ ಕಡೆಯ ಎಲೆಕ್ಟ್ರಾನನ್ನೂ ಸೆಳೆಯುತ್ತದೆ, ಆ ಕಡೆಯದು ಈ ಕಡೆಯದನ್ನೂ ಸೆಳೆಯುತ್ತದೆ, ಜೊತೆಗೆ ನ್ಯೂಕ್ಲಿಯಸ್‌ಗಳು ಒಂದನ್ನೊಂದು ತಳ್ಳುತ್ತವೆ, ಎಲೆಕ್ಟ್ರಾನ್‌ಗಳೂ ಒಂದನ್ನೊಂದು ತಳ್ಳುತ್ತವೆ. ಸೆಳೆತದ ಕೈ ಮೇಲಾಗಿ ಒಟ್ಟು ಶಕ್ತಿ ಇಳಿಯುತ್ತಾ ಹೋಗುತ್ತದೆ. ಎರಡು ನ್ಯೂಕ್ಲಿಯಸ್‌ಗಳ ನಡುವಿನ ದೂರ 74 ಪಿಕೋಮೀಟರ್ ಆದಾಗ ಶಕ್ತಿ ಎಲ್ಲಕ್ಕಿಂತ ಕಡಿಮೆ. ಇನ್ನೂ ಹತ್ತಿರ ತಂದರೆ ತಳ್ಳಾಟ ಜಾಸ್ತಿಯಾಗಿ ಶಕ್ತಿ ಮತ್ತೆ ಏರುತ್ತದೆ. ಅವು ಅಲ್ಲೇ ನಿಲ್ಲುತ್ತವೆ. ಅದೇ ಬಂಧ. ಪಿಯುಸಿ ಪುಸ್ತಕದಲ್ಲಿ ಕೆಳಗೆ ಇಳಿದು ಮತ್ತೆ ಮೇಲೆ ಹೋಗುವ ಒಂದು ವಕ್ರರೇಖೆ ಇರುತ್ತದಲ್ಲ, ಅದು ಹೇಳುವುದು ಇಷ್ಟನ್ನೇ.

ಈಗ ಅವನ್ನು ಮತ್ತೆ ಬಿಡಿಸಬೇಕು ಅಂದರೆ? ಇಳಿದಷ್ಟೇ ಶಕ್ತಿಯನ್ನು ನಾವು ವಾಪಸ್ ಕೊಡಬೇಕು. ಮೋಲ್ ಅನ್ನುವುದು ಡಜನ್ ತರಹ ಕಣಗಳನ್ನು ಎಣಿಸುವ ಒಂದು ಲೆಕ್ಕ. ಒಂದು ಮೋಲ್ ಹೈಡ್ರೋಜನ್, ಅಂದರೆ 2 ಗ್ರಾಂ, ಪೂರ್ತಿ ಬಿಡಿ ಪರಮಾಣು ಆಗಬೇಕಾದರೆ 436 ಕಿಲೋಜೂಲ್ ಬೇಕು. ಅಂಟಿಕೊಂಡ ಎರಡು ಆಯಸ್ಕಾಂತಗಳನ್ನು ಕೀಳಲು ಬಲ ಹಾಕಬೇಕಲ್ವಾ, ಹಾಗೆಯೇ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಬೇರುಸಹಿತ ಕಿತ್ತು ಹಾಕಬೇಕು. ಗ್ಯಾಸ್ ಉರಿದಾಗ ಶಾಖ ಬರುತ್ತದೆ, ಹಾಗಾಗಿ ಬಂಧದೊಳಗೆ ಶಕ್ತಿ ತುಂಬಿಟ್ಟಿದೆ, ಬಂಧ ಒಡೆದಾಗ ಅದು ಹೊರಗೆ ಬರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬಂಧ ಒಡೆಯಲು ಯಾವಾಗಲೂ ಶಕ್ತಿ ಖರ್ಚಾಗುತ್ತದೆ. ಯಾವಾಗಲೂ. ಬಂಧ ಆಗುವಾಗ ಮಾತ್ರ ಶಕ್ತಿ ಹೊರಬರುತ್ತದೆ. ನಂಬಿಕೆ ಬರದಿದ್ದರೆ ಹೈಡ್ರೋಜನ್ ಉರಿದು ನೀರಾಗುವ ಲೆಕ್ಕ ಮಾಡಿ ನೋಡಿ. ಎರಡು ಮೋಲ್ ಹೈಡ್ರೋಜನ್ ಒಡೆಯಲು 872 ಕಿಲೋಜೂಲ್, ಒಂದು ಮೋಲ್ ಆಕ್ಸಿಜನ್ ಒಡೆಯಲು 498. ಒಟ್ಟು ಖರ್ಚು 1370. ಈಗ ಎರಡು ಮೋಲ್ ನೀರು ಆಗುತ್ತದೆ. ಒಂದೊಂದು ನೀರಿನ ಅಣುವಿನಲ್ಲೂ ಆಕ್ಸಿಜನ್-ಹೈಡ್ರೋಜನ್ ಬಂಧ ಎರಡು, ಒಟ್ಟು ನಾಲ್ಕು, ಒಂದಕ್ಕೆ ಸುಮಾರು 463. ಅಲ್ಲಿಗೆ 1852 ಹೊರಗೆ ಬಂತು. ಖರ್ಚು ಕಳೆದು ಉಳಿದ ಸುಮಾರು 482 ಕಿಲೋಜೂಲ್ ನಮಗೆ ಶಾಖವಾಗಿ ಸಿಗುತ್ತದೆ. ಅಡುಗೆ ಗ್ಯಾಸ್ ಉರಿಯುವಾಗ ಆಗುವುದೂ ಇದೇ ಲೆಕ್ಕ, ಅಲ್ಲಿ ಕಾರ್ಬನ್ ಡೈಆಕ್ಸೈಡ್ ಕೂಡ ಸೇರಿಕೊಳ್ಳುತ್ತದೆ ಅಷ್ಟೆ.

ಇನ್ನು ಮುಂದೆ ಎಲ್ಲ ಕಡೆಯೂ ನಾವು ಕೇಳುವ ಪ್ರಶ್ನೆ ಒಂದೇ. ಹೀಗೆ ಸೇರಿದರೆ ಒಟ್ಟು ಶಕ್ತಿ ಇಳಿಯುತ್ತದಾ?

ಉಪ್ಪಿನ ಲೆಕ್ಕ

ಒಳಗಿನಿಂದ ಹೊರಗಿನ ಕವಚದವರೆಗೆ ಎಲೆಕ್ಟ್ರಾನ್ ಎಣಿಸಿದರೆ ಸೋಡಿಯಂ 2, 8, 1. ಕ್ಲೋರಿನ್ 2, 8, 7. ಸೋಡಿಯಂ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಕ್ಲೋರಿನ್ ತೆಗೆದುಕೊಳ್ಳುತ್ತದೆ, ಇಬ್ಬರಿಗೂ ಖುಷಿ. ಹೀಗೆ ಹೇಳಿಕೊಟ್ಟರೆ ಬೇಗ ನೆನಪಿನಲ್ಲಿ ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಸೋಡಿಯಂ ಸುಲಭಕ್ಕೆ ಕೊಡುವುದಿಲ್ಲ. ಒಂದು ಮೋಲ್ ಸೋಡಿಯಂ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನ್ ಕೀಳಲು 496 ಕಿಲೋಜೂಲ್ ಸುರಿಯಬೇಕು. ಕ್ಲೋರಿನ್ ಅದನ್ನು ತೆಗೆದುಕೊಂಡಾಗ ವಾಪಸ್ ಬರುವುದು 349 ಮಾತ್ರ. ಇಲ್ಲಿಗೆ 147 ನಷ್ಟ. ಬರೀ ಕೊಡು-ತೆಗೆದುಕೋ ವ್ಯವಹಾರ ಆಗಿದ್ದರೆ ಉಪ್ಪು ಆಗುತ್ತಲೇ ಇರಲಿಲ್ಲ.

ಹಾಗಾದರೆ ನಷ್ಟ ತುಂಬಿಕೊಡುವುದು ಯಾವುದು? ಪ್ಲಸ್ ಆದ ಸೋಡಿಯಂ, ಮೈನಸ್ ಆದ ಕ್ಲೋರೈಡ್ ಒಂದನ್ನೊಂದು ಸೆಳೆದುಕೊಂಡು ಹರಳಾಗಿ ಕೂರುವುದು. ಒಂದು ಸೋಡಿಯಂ ಸುತ್ತ ಆರು ಕ್ಲೋರೈಡ್, ಒಂದು ಕ್ಲೋರೈಡ್ ಸುತ್ತ ಆರು ಸೋಡಿಯಂ, ಹೀಗೆ ಎಡ ಬಲ ಮೇಲೆ ಕೆಳಗೆ ಹಿಂದೆ ಮುಂದೆ ಸಾಗುತ್ತಲೇ ಹೋಗುತ್ತದೆ. ಬಿಡಿ ಅಯಾನುಗಳು, ಅಂದರೆ ಹೀಗೆ ಪ್ಲಸ್ ಅಥವಾ ಮೈನಸ್ ಆದ ಪರಮಾಣುಗಳು, ಹರಳು ಕಟ್ಟಿದಾಗ ಮೋಲ್ ಒಂದಕ್ಕೆ 787 ಕಿಲೋಜೂಲ್ ಹೊರಬರುತ್ತದೆ. ಇದನ್ನೇ ಲ್ಯಾಟಿಸ್ ಎನರ್ಜಿ ಅನ್ನುವುದು. ಅಯಾನಿಕ ಬಂಧದ ಜೀವ ಇರುವುದು ಇಲ್ಲಿ.

ಪಿಯುಸಿಯವರು ಪೂರ್ತಿ ಲೆಕ್ಕ ಮಾಡಿ. ಗಟ್ಟಿ ಸೋಡಿಯಂನಿಂದ ಬಿಡಿ ಪರಮಾಣು ಮಾಡಲು 108. ಕ್ಲೋರಿನ್ ಅಣುವನ್ನು ಒಡೆದು ಒಂದು ಮೋಲ್ ಪರಮಾಣು ಪಡೆಯಲು 121. ಎಲೆಕ್ಟ್ರಾನ್ ಕೀಳಲು 496. ಒಟ್ಟು 725. ಇದರಲ್ಲಿ 349 ವಾಪಸ್ ಬಂತು, ಬಾಕಿ 376. ಹರಳಿನಿಂದ ಬಂದದ್ದು 787. ಉಳಿತಾಯ 411 ಕಿಲೋಜೂಲ್. ಸೋಡಿಯಂ ಮತ್ತು ಕ್ಲೋರಿನ್ ಸೇರಿ ಉಪ್ಪಾಗುವಾಗ ಪ್ರಯೋಗದಲ್ಲಿ ಅಳೆದರೂ ಸಿಗುವುದು ಇದೇ 411. ಬಾರ್ನ್-ಹೇಬರ್ ಚಕ್ರ ಅಂತ ಪುಸ್ತಕದಲ್ಲಿ ದೊಡ್ಡ ಚಿತ್ರ ಹಾಕಿ ಹೆದರಿಸಿರುತ್ತಾರಲ್ಲ, ಅದು ಈ ಜಮಾ-ಖರ್ಚೇ.

ಹಾಗಿದ್ದರೆ ಸೋಡಿಯಂ ಎರಡು ಎಲೆಕ್ಟ್ರಾನ್ ಕೊಟ್ಟು ಎರಡು ಪ್ಲಸ್ ಯಾಕೆ ಆಗಬಾರದು, ಆಗ ಸೆಳೆತ ಇನ್ನೂ ಜಾಸ್ತಿ ಆಗುತ್ತದಲ್ಲ ಅಂತ ಯಾರಾದರೂ ಕೇಳಿದರೆ ಅದು ತುಂಬಾ ಒಳ್ಳೆಯ ಪ್ರಶ್ನೆ. ಎರಡನೇ ಎಲೆಕ್ಟ್ರಾನ್ ಇರುವುದು ಒಳಗಿನ ಕವಚದಲ್ಲಿ. ಅದನ್ನು ಕೀಳಲು 4562 ಕಿಲೋಜೂಲ್ ಬೇಕು, ಮೊದಲನೆಯದಕ್ಕಿಂತ ಒಂಬತ್ತು ಪಟ್ಟು ಮೇಲೆ. ಯಾವ ಹರಳೂ ಅಷ್ಟು ತುಂಬಿಕೊಡಲಾರದು. ಎಂಟರ ನಿಯಮ ಕೆಲಸ ಮಾಡುವುದು ಈ ಕಾರಣಕ್ಕೆ: ಹೊರಕವಚ ಖಾಲಿಯಾದ ಮೇಲೆ ಖರ್ಚು ಒಂದೇ ಸಲ ಹಾರಿಬಿಡುತ್ತದೆ.

ಈಗ ಅಡುಗೆಮನೆಗೆ ಹೋಗಿ ಚಿಟಿಕೆ ಪುಡಿಯುಪ್ಪನ್ನು ಕಪ್ಪು ಕಾಗದದ ಮೇಲೆ ಉದುರಿಸಿ, ಭೂತಗನ್ನಡಿ ಹಿಡಿದು ನೋಡಿ. ಸಾಕಷ್ಟು ಕಣಗಳು ಪುಟ್ಟ ಪುಟ್ಟ ಘನಾಕೃತಿಯಲ್ಲಿ ಕಾಣುತ್ತವೆ. ಮೂಲೆ ಸವೆದಿರಬಹುದು, ಆದರೂ ಚೌಕದ ಮುಖ ಗೊತ್ತಾಗುತ್ತದೆ. ಒಳಗೆ ಅಯಾನುಗಳು ಕೂತಿರುವ ಕ್ರಮವೇ ಹೊರಗೆ ಆಕಾರವಾಗಿ ಕಾಣುತ್ತಿದೆ. ಒಂದು ಕಲ್ಲುಪ್ಪನ್ನು ಒತ್ತಿದರೆ ಬಾಗುವುದಿಲ್ಲ, ಪಟಕ್ಕನೆ ಒಡೆಯುತ್ತದೆ. ಯಾಕೆ ಅಂದರೆ ಪದರ ಒಂಚೂರು ಜಾರಿದರೂ ಪ್ಲಸ್ ಎದುರು ಪ್ಲಸ್, ಮೈನಸ್ ಎದುರು ಮೈನಸ್ ಬಂದು ನಿಲ್ಲುತ್ತದೆ, ಆಗ ತಳ್ಳಾಟ ಶುರುವಾಗಿ ಸೀಳು ಬಿಡುತ್ತದೆ.

ಇನ್ನೊಂದು ಮಾತು. ಸೋಡಿಯಂ ಕ್ಲೋರೈಡಿನ ಅಣು ಅಂತ ಬರೆಯಬೇಡಿ. ಹರಳಿನಲ್ಲಿ ಯಾವ ಕ್ಲೋರೈಡ್ ಯಾವ ಸೋಡಿಯಂಗೆ ಸೇರಿದ್ದು ಅಂತ ಹೇಳಲು ಆಗುವುದಿಲ್ಲ. ಸೂತ್ರ ಹೇಳುವುದು ಅನುಪಾತವನ್ನು ಮಾತ್ರ. ಸೂತ್ರ ಬರೆಯುವಾಗ ಪ್ಲಸ್ಸುಗಳ ಮೊತ್ತ, ಮೈನಸ್ಸುಗಳ ಮೊತ್ತ ಸಮ ಬಂದರೆ ಆಯಿತು. ಅಲ್ಯೂಮಿನಿಯಂ ಮೂರು ಪ್ಲಸ್, ಆಕ್ಸೈಡ್ ಎರಡು ಮೈನಸ್, ಹಾಗಾಗಿ ಎರಡು ಅಲ್ಯೂಮಿನಿಯಂಗೆ ಮೂರು ಆಕ್ಸಿಜನ್. ಚಾರ್ಜ್ ಜಾಸ್ತಿ ಆದ ಹಾಗೆ ಸೆಳೆತ ಬಿಗಿಯಾಗುತ್ತದೆ: ಉಪ್ಪು 801 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಎರಡು ಪ್ಲಸ್ ಎರಡು ಮೈನಸ್ ಇರುವ ಮೆಗ್ನೀಷಿಯಂ ಆಕ್ಸೈಡ್ ಕರಗಲು 2800 ಡಿಗ್ರಿಗೂ ಮೇಲೆ ಹೋಗಬೇಕು.

ಚುಕ್ಕಿ ರಚನೆ ಬಿಡಿಸುವುದು

ಅತಿ ಹೆಚ್ಚು ಮಾರ್ಕ್ಸ್ ಹೋಗುವುದು ಇಲ್ಲೇ, ಅದಕ್ಕೆ ನಿಧಾನವಾಗಿ ಮಾಡೋಣ. ಎರಡೂ ಪರಮಾಣುಗಳು ಎಲೆಕ್ಟ್ರಾನನ್ನು ಬಿಗಿಯಾಗಿ ಹಿಡಿದುಕೊಳ್ಳುವಂಥವು ಆಗಿದ್ದರೆ ಕೀಳುವ ಖರ್ಚು ಯಾರಿಗೂ ಗಿಟ್ಟುವುದಿಲ್ಲ. ಆಗ ಒಂದು ಜೋಡಿ ಎಲೆಕ್ಟ್ರಾನ್ ಎರಡೂ ನ್ಯೂಕ್ಲಿಯಸ್‌ಗಳ ಸೆಳೆತದಲ್ಲಿ ಇರುತ್ತದೆ. ಹೀಗೆ ಜೋಡಿ ಹಂಚಿಕೆಯಿಂದ ಬಂಧ ಆಗುತ್ತದೆ ಅಂತ 1916ರಲ್ಲಿ ಬರೆದವರು ಅಮೆರಿಕದ ಬರ್ಕ್ಲಿಯಲ್ಲಿದ್ದ ಗಿಲ್ಬರ್ಟ್ ಲೂಯಿಸ್. ಅವರು ಮೊದಮೊದಲು ಪರಮಾಣುವನ್ನು ಒಂದು ಘನಾಕೃತಿಯಂತೆ ಬಿಡಿಸಿ ಅದರ ಎಂಟು ಮೂಲೆಗೆ ಎಂಟು ಎಲೆಕ್ಟ್ರಾನ್ ಇಡುತ್ತಿದ್ದರು. ಎರಡು ಘನಗಳು ಒಂದು ಅಂಚನ್ನು ಹಂಚಿಕೊಂಡರೆ ಏಕಬಂಧ, ಒಂದು ಮುಖವನ್ನು ಹಂಚಿಕೊಂಡರೆ ದ್ವಿಬಂಧ. ತ್ರಿಬಂಧ ಮಾತ್ರ ಆ ಚಿತ್ರದಲ್ಲಿ ಕೂರುತ್ತಿರಲಿಲ್ಲ. ನಮಗೆ ಈಗ ಚುಕ್ಕಿಗಳು ಸಾಕು.

ಕಾರ್ಬನ್ ಡೈಆಕ್ಸೈಡ್ ಬಿಡಿಸಿ. ಮೊದಲ ಕೆಲಸ, ಹೊರಕವಚದ ಎಲೆಕ್ಟ್ರಾನ್‌ಗಳನ್ನು ಒಟ್ಟು ಎಣಿಸುವುದು. ಕಾರ್ಬನ್ 4, ಎರಡು ಆಕ್ಸಿಜನ್‌ನಿಂದ 12, ಒಟ್ಟು 16. ಈ ಸಂಖ್ಯೆಯನ್ನು ಹಾಳೆಯ ಮೂಲೆಯಲ್ಲಿ ಬರೆದು ಸುತ್ತ ಗೆರೆ ಹಾಕಿ. ಕೊನೆಗೆ ನಿಮ್ಮ ಚಿತ್ರದಲ್ಲಿ ಸರಿಯಾಗಿ 16 ಇರಬೇಕು, ಒಂದು ಜಾಸ್ತಿ ಇಲ್ಲ, ಒಂದು ಕಡಿಮೆ ಇಲ್ಲ.

ಎರಡನೆಯದು, ಮಧ್ಯದಲ್ಲಿ ಯಾರು ಅಂತ ತೀರ್ಮಾನ ಮಾಡಿ. ಎಲೆಕ್ಟ್ರಾನ್ ಸೆಳೆಯುವ ಶಕ್ತಿ ಕಡಿಮೆ ಇರುವುದು ಮಧ್ಯಕ್ಕೆ ಬರುತ್ತದೆ. ಇಲ್ಲಿ ಕಾರ್ಬನ್. ಹೈಡ್ರೋಜನ್ ನಮ್ಮ ಸಿಲೆಬಸ್ಸಿನ ಅಣುಗಳಲ್ಲಿ ಯಾವತ್ತೂ ಮಧ್ಯಕ್ಕೆ ಬರುವುದಿಲ್ಲ, ಅದಕ್ಕೆ ಒಂದೇ ಬಂಧ.

ಮೂರನೆಯದು, ಕಾರ್ಬನ್‌ನಿಂದ ಎರಡೂ ಆಕ್ಸಿಜನ್‌ಗೆ ಒಂದೊಂದು ಗೆರೆ ಎಳೆಯಿರಿ. ಒಂದು ಗೆರೆ ಅಂದರೆ ಎರಡು ಎಲೆಕ್ಟ್ರಾನ್. 4 ಖರ್ಚಾಯಿತು, 12 ಉಳಿಯಿತು. ಆ ಉಳಿದದ್ದನ್ನು ಮೊದಲು ಹೊರಗಿನ ಪರಮಾಣುಗಳಿಗೆ ಕೊಡಿ. ಒಂದೊಂದು ಆಕ್ಸಿಜನ್ ಸುತ್ತ ಮೂರು ಜೋಡಿ ಚುಕ್ಕಿ. 12 ಮುಗಿಯಿತು. ಈಗ ನಿಂತು ನೋಡಿ. ಆಕ್ಸಿಜನ್‌ಗಳ ಸುತ್ತ ಎಂಟೆಂಟು ಇದೆ. ಕಾರ್ಬನ್ ಸುತ್ತ ನಾಲ್ಕೇ ಇದೆ. ತುಂಬಾ ಜನ ಇಲ್ಲಿ ಕಾರ್ಬನ್ ಮೇಲೆ ಹೊಸದಾಗಿ ನಾಲ್ಕು ಚುಕ್ಕಿ ಇಟ್ಟುಬಿಡುತ್ತಾರೆ, ಆಗ ಒಟ್ಟು 20 ಆಗುತ್ತದೆ, ಉತ್ತರ ಕೆಡುತ್ತದೆ. ಹೊಸ ಎಲೆಕ್ಟ್ರಾನ್ ತರಲು ನಮಗೆ ಅಧಿಕಾರ ಇಲ್ಲ. ಆಕ್ಸಿಜನ್ ಮೇಲಿನ ಒಂದು ಜೋಡಿಯನ್ನು ಕಾರ್ಬನ್ ಕಡೆಗೆ ಸರಿಸಿ ಎರಡನೇ ಗೆರೆ ಮಾಡಿ. ಇನ್ನೊಂದು ಆಕ್ಸಿಜನ್‌ಗೂ ಹಾಗೆಯೇ. ಈಗ ಎರಡು ಕಡೆಯೂ ದ್ವಿಬಂಧ, ಕಾರ್ಬನ್‌ಗೆ ಎಂಟು, ಆಕ್ಸಿಜನ್‌ಗಳಿಗೂ ಎಂಟು, ಒಟ್ಟು 16. ಮುಗಿಯಿತು.

ಬಿಡಿಸಿದ್ದು ಸರಿ ಇದೆಯಾ ಅಂತ ನೋಡಲು ಒಂದು ಅಡ್ಡದಾರಿ ಇದೆ. ಪ್ರತಿ ಪರಮಾಣುವಿಗೂ ಎಂಟು ಬೇಕು, ಹೈಡ್ರೋಜನ್‌ಗೆ ಎರಡು. ಹೀಗೆ ಬೇಕಾದ ಒಟ್ಟು ಸಂಖ್ಯೆಯಿಂದ ಇರುವ ಸಂಖ್ಯೆ ಕಳೆದು ಎರಡರಿಂದ ಭಾಗಿಸಿ. ಕಾರ್ಬನ್ ಡೈಆಕ್ಸೈಡಿಗೆ ಬೇಕಾದದ್ದು 24, ಇರುವುದು 16, ವ್ಯತ್ಯಾಸ 8, ಅರ್ಧ 4. ಚಿತ್ರದಲ್ಲಿ ನಾಲ್ಕು ಗೆರೆ ಇರಬೇಕು. ನೈಟ್ರೋಜನ್ ಅಣುವಿಗೆ ಬೇಕಾದದ್ದು 16, ಇರುವುದು 10, ವ್ಯತ್ಯಾಸ 6, ಅಂದರೆ ಮೂರು ಗೆರೆ, ತ್ರಿಬಂಧ. ಅದನ್ನು ಒಡೆಯಲು 945 ಕಿಲೋಜೂಲ್ ಬೇಕು. ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೈಟ್ರೋಜನ್ ಇದ್ದರೂ ಬೆಳೆಗೆ ಯೂರಿಯಾ ಹಾಕಬೇಕಾಗಿ ಬರುವುದು ಈ ಬಂಧದ ಗಟ್ಟಿತನದಿಂದಲೇ. ಗಿಡಕ್ಕೆ ಅದನ್ನು ಒಡೆಯಲು ಬರುವುದಿಲ್ಲ, ಬೇಳೆಕಾಳು ಗಿಡಗಳ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಬರುತ್ತದೆ.

ಅಯಾನು ಕೊಟ್ಟಿದ್ದರೆ ಮೈನಸ್ಸಿಗೆ ಎಲೆಕ್ಟ್ರಾನ್ ಕೂಡಿಸಿ, ಪ್ಲಸ್ಸಿಗೆ ಕಳೆಯಿರಿ. ಕಾರ್ಬೋನೇಟ್‌ಗೆ 4, ಮೂರು ಆಕ್ಸಿಜನ್‌ನಿಂದ 18, ಎರಡು ಮೈನಸ್ಸಿಗೆ 2, ಒಟ್ಟು 24. ಅಮೋನಿಯಂಗೆ 5 ಮತ್ತು 4, ಒಂದು ಪ್ಲಸ್ಸಿಗೆ 1 ಕಳೆದರೆ 8. ಗಡಿಬಿಡಿಯಲ್ಲಿ ಇದನ್ನು ಉಲ್ಟಾ ಮಾಡಿಬಿಡುತ್ತೀರಿ, ಜೋಪಾನ. ಎಲೆಕ್ಟ್ರಾನ್ ಮೈನಸ್, ಅದು ಬಂದರೆ ಮೈನಸ್ ಆಗುತ್ತದೆ, ಹೋದರೆ ಪ್ಲಸ್. ಹಾಗೆಯೇ ಒಂಟಿ ಜೋಡಿಗಳನ್ನು, ಅಂದರೆ ಬಂಧಕ್ಕೆ ಸೇರದೆ ಉಳಿದ ಜೋಡಿಗಳನ್ನು, ಬಿಡಿಸದೆ ಹೋಗಬೇಡಿ. ಅಮೋನಿಯಾದಲ್ಲಿ ನೈಟ್ರೋಜನ್ ತಲೆ ಮೇಲೆ ಆ ಎರಡು ಚುಕ್ಕಿ ಇಲ್ಲದಿದ್ದರೆ ಮುಂದೆ ಆಕಾರದ ಪ್ರಶ್ನೆಯೂ ತಪ್ಪುತ್ತದೆ.

ಅಯಾನಿಕವಾ, ಸಹವೇಲೆನ್ಸಿಯಾ?

ಇದು ಎರಡು ಬೇರೆ ಡಬ್ಬಿ ಅಂತ ತಿಳಿಯಬೇಡಿ. ಎಲೆಕ್ಟ್ರಾನ್ ಜೋಡಿಯನ್ನು ಯಾರು ಎಷ್ಟು ತಮ್ಮ ಕಡೆ ಎಳೆದುಕೊಳ್ಳುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಆ ಎಳೆತಕ್ಕೆ ಅಂಕಿ ಕೊಟ್ಟವರು ಲೈನಸ್ ಪೌಲಿಂಗ್, 1932ರಲ್ಲಿ. ಎಲೆಕ್ಟ್ರೋನೆಗೆಟಿವಿಟಿ ಅನ್ನುವುದು ಇದಕ್ಕೇ. ಫ್ಲೋರಿನ್ 4.0, ಆಕ್ಸಿಜನ್ 3.5, ನೈಟ್ರೋಜನ್ ಮತ್ತು ಕ್ಲೋರಿನ್ 3.0, ಕಾರ್ಬನ್ 2.5, ಹೈಡ್ರೋಜನ್ 2.1, ಸೋಡಿಯಂ 0.9. ಇಷ್ಟು ನೆನಪಿದ್ದರೆ ಮುಕ್ಕಾಲು ಪ್ರಶ್ನೆ ಬಿಡಿಸಬಹುದು.

ವ್ಯತ್ಯಾಸ ಸೊನ್ನೆ ಆದರೆ ಸಮಪಾಲು, ಸ್ವಲ್ಪ ಇದ್ದರೆ ಪೋಲಾರ್ (ಒಂದು ತುದಿ ಸ್ವಲ್ಪ ಪ್ಲಸ್, ಇನ್ನೊಂದು ಸ್ವಲ್ಪ ಮೈನಸ್), ತುಂಬಾ ಇದ್ದರೆ ಅಯಾನಿಕ. 1.7 ದಾಟಿದರೆ ಅಯಾನಿಕ ಅಂತ ಗೈಡ್‌ಗಳಲ್ಲಿ ಬರೆದಿರುತ್ತದೆ. ಇದನ್ನು ಗೆರೆ ಕೊರೆದ ಹಾಗೆ ನಂಬಬೇಡಿ. ಹೈಡ್ರೋಜನ್ ಫ್ಲೋರೈಡಿನಲ್ಲಿ ವ್ಯತ್ಯಾಸ 1.9. ಆದರೂ ಅದು ಬಿಡಿ ಅಣುಗಳ ವಸ್ತು, ಸುಮಾರು 20 ಡಿಗ್ರಿಗೇ ಕುದಿಯುತ್ತದೆ. ಲೋಹ ಇಲ್ಲದಿದ್ದರೆ ಅಯಾನಿಕ ಅಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ, ನವಸಾಗರ ಅಂದರೆ ಅಮೋನಿಯಂ ಕ್ಲೋರೈಡಿನಲ್ಲಿ ಲೋಹವೇ ಇಲ್ಲ, ಆದರೆ ಅದು ಅಯಾನಿಕ. ಅಂಕಿಯನ್ನು ಸುಳಿವಾಗಿ ಇಟ್ಟುಕೊಳ್ಳಿ, ಕೊನೆಯ ತೀರ್ಪು ವಸ್ತುವಿನ ಗುಣದ್ದು.

ಗುಣ ನೋಡಲು ಒಂದು ಪ್ರಯೋಗ

9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, 470 ಓಮ್‌ನ ಒಂದು ರೆಸಿಸ್ಟರ್, ಸ್ವಲ್ಪ ವೈರು, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ. ಬ್ಯಾಟರಿ, ರೆಸಿಸ್ಟರ್, ಎಲ್‌ಇಡಿ, ಪೆನ್ಸಿಲ್‌ಗಳನ್ನು ಸಾಲಾಗಿ ಜೋಡಿಸಿ, ಪೆನ್ಸಿಲ್ ತುದಿಗಳು ಒಂದಕ್ಕೊಂದು ತಾಗದ ಹಾಗೆ ಲೋಟದ ದ್ರಾವಣದಲ್ಲಿ ಅದ್ದಿ. ಮನೆಯ ಕರೆಂಟಿನ ಪ್ಲಗ್ಗಿಗೆ ಇದನ್ನು ಯಾವ ಕಾರಣಕ್ಕೂ ಜೋಡಿಸಬೇಡಿ, ಜೀವ ಹೋಗುತ್ತದೆ.

ನೀರು ಮುಖ್ಯ. ಬೋರ್‌ವೆಲ್ ನೀರಿನಲ್ಲಿ ಮೊದಲೇ ಲವಣ ಕರಗಿರುತ್ತದೆ, ಸಕ್ಕರೆ ಹಾಕಿದರೂ ಎಲ್‌ಇಡಿ ಮಂಕಾಗಿ ಉರಿದು ನಿಮ್ಮನ್ನು ಗೊಂದಲಕ್ಕೆ ಹಾಕಬಹುದು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದುಕೊಳ್ಳಿ. ಅದರಲ್ಲಿ ಸಕ್ಕರೆ ಕರಗಿಸಿದರೆ ಎಲ್‌ಇಡಿ ಉರಿಯುವುದಿಲ್ಲ. ಸಕ್ಕರೆ ಅಣುಗಳು ಇಡಿಯಾಗಿಯೇ ನೀರಿನಲ್ಲಿ ಓಡಾಡುತ್ತವೆ, ಅವುಗಳಿಗೆ ಚಾರ್ಜ್ ಇಲ್ಲ. ಇನ್ನೊಂದು ಲೋಟದಲ್ಲಿ ಉಪ್ಪು ಹಾಕಿ ನೋಡಿ, ತಕ್ಷಣ ಹತ್ತಿಕೊಳ್ಳುತ್ತದೆ. ಪೆನ್ಸಿಲ್ ತುದಿಗಳಲ್ಲಿ ಗುಳ್ಳೆ ಏಳುತ್ತವೆ. ಮೈನಸ್ ಕಡೆ ಬರುವುದು ಹೈಡ್ರೋಜನ್. ಪ್ಲಸ್ ಕಡೆ ಬ್ಲೀಚಿಂಗ್ ಪೌಡರ್ ತರಹದ ವಾಸನೆ ಬಂದರೆ ಅದು ಕ್ಲೋರಿನ್, ಅದನ್ನು ಮೂಸಬಾರದು. ಕಿಟಕಿ ತೆಗೆದಿಟ್ಟು ಕೆಲವೇ ಸೆಕೆಂಡ್ ಮಾಡಿ ನಿಲ್ಲಿಸಿಬಿಡಿ. ಒಣ ಉಪ್ಪಿಗೆ ಪೆನ್ಸಿಲ್ ಚುಚ್ಚಿದರೆ ಏನೂ ಆಗುವುದಿಲ್ಲ. ಚಾರ್ಜ್ ಇದ್ದರೆ ಸಾಲದು, ಅದು ಚಲಿಸಬೇಕು. ಹರಳಿನಲ್ಲಿ ಅಯಾನುಗಳು ಕೂತಲ್ಲೇ ಕೂತಿರುತ್ತವೆ.

ಲೋಹಗಳ ಕಥೆ ಇಲ್ಲಿಗೇ ಸೇರಿಸಿಬಿಡುತ್ತೇನೆ. ತಾಮ್ರದ ಪರಮಾಣುಗಳು ಹೊರಗಿನ ಎಲೆಕ್ಟ್ರಾನ್‌ಗಳನ್ನು ಯಾರೊಬ್ಬರಿಗೂ ಸೇರದ ಹಾಗೆ ಬಿಟ್ಟುಕೊಟ್ಟಿರುತ್ತವೆ, ಅವು ಇಡೀ ತುಂಡಿನಲ್ಲಿ ಓಡಾಡುತ್ತವೆ. ಅದಕ್ಕೆ ಗಟ್ಟಿಯಾಗಿದ್ದಾಗಲೂ ವಿದ್ಯುತ್ ಹರಿಯುತ್ತದೆ. ಪದರ ಜಾರಿದರೂ ಹಿಡಿದುಕೊಳ್ಳುವ ಎಲೆಕ್ಟ್ರಾನ್‌ಗಳು ಎಲ್ಲೆಡೆ ಇರುವುದರಿಂದ ಉಪ್ಪಿನ ಹಾಗೆ ಸೀಳುವುದಿಲ್ಲ. ಒಂದು ಗ್ರಾಂ ಚಿನ್ನದಿಂದ ಸುಮಾರು 2 ಕಿಲೋಮೀಟರ್ ಉದ್ದದ ತಂತಿ ಎಳೆಯಬಹುದು ಅನ್ನುವುದು ಇದೇ ಕಾರಣಕ್ಕೆ.

ನೀರು ಕುದಿಯುವಾಗ ಒಡೆಯುವುದು ಏನು?

ಈ ಪ್ರಶ್ನೆಗೆ ಸರಿ ಉತ್ತರ ಗೊತ್ತಿದ್ದರೆ ಅಧ್ಯಾಯದ ಅರ್ಧ ಗೊಂದಲ ಮಾಯ. ನೀರಿನ ಅಣು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗುತ್ತದೆ ಅಂತ ಬರೆಯುವವರು ಇದ್ದಾರೆ. ಹಾಗಾಗಿದ್ದರೆ ಒಲೆ ಮೇಲೆ ನೀರಿಟ್ಟ ಮನೆಯೆಲ್ಲ ಸ್ಫೋಟ ಆಗಬೇಕಿತ್ತು. ಹಬೆಯಲ್ಲೂ ಅದೇ ನೀರಿನ ಅಣು ಇರುತ್ತದೆ. ಬಿಡುವುದು ಅಣು-ಅಣುಗಳ ನಡುವಿನ ಸೆಳೆತ. ಆಕ್ಸಿಜನ್-ಹೈಡ್ರೋಜನ್ ಬಂಧ ಒಡೆಯಲು 463 ಕಿಲೋಜೂಲ್ ಬೇಕಾದರೆ, ಒಂದು ಮೋಲ್ ನೀರನ್ನು ಆವಿ ಮಾಡಲು ಸುಮಾರು 41 ಸಾಕು.

ಆ ನಡುವಿನ ಸೆಳೆತ ನೀರಿನಲ್ಲಿ ಅಷ್ಟು ಗಟ್ಟಿ ಇರಲು ಅದರ ಆಕಾರ ಕಾರಣ. ಮಧ್ಯದ ಪರಮಾಣುವಿನ ಸುತ್ತ ಇರುವ ಎಲೆಕ್ಟ್ರಾನ್ ಜೋಡಿಗಳು ಒಂದನ್ನೊಂದು ತಳ್ಳಿ ಆದಷ್ಟು ದೂರ ನಿಲ್ಲುತ್ತವೆ. ಮೀಥೇನ್‌ನಲ್ಲಿ ನಾಲ್ಕೂ ಬಂಧದ ಜೋಡಿ, ಕೋನ 109.5 ಡಿಗ್ರಿ. ಅಮೋನಿಯಾದಲ್ಲಿ ಒಂದು ಒಂಟಿ ಜೋಡಿ ಇದೆ, ಅದು ಜಾಸ್ತಿ ಜಾಗ ಹಿಡಿದು ಉಳಿದವನ್ನು ಒತ್ತುತ್ತದೆ, 107 ಆಗುತ್ತದೆ. ನೀರಿನಲ್ಲಿ ಒಂಟಿ ಜೋಡಿ ಎರಡು, 104.5. ಕಾರ್ಬನ್ ಡೈಆಕ್ಸೈಡಿನಲ್ಲಿ ಕಾರ್ಬನ್ ಮೇಲೆ ಒಂಟಿ ಜೋಡಿ ಇಲ್ಲ, ಅದು ನೆಟ್ಟಗೆ 180. ಹಾಗಾಗಿ ಕಾರ್ಬನ್ ಡೈಆಕ್ಸೈಡಿನ ಬಂಧಗಳು ಪೋಲಾರ್ ಆದರೂ ಎರಡು ಕಡೆಯ ಎಳೆತ ವಜಾ ಆಗಿ ಅಣು ಪೋಲಾರ್ ಆಗುವುದಿಲ್ಲ. ಬಾಗಿದ ನೀರಿನಲ್ಲಿ ವಜಾ ಆಗುವುದಿಲ್ಲ, ಆಕ್ಸಿಜನ್ ಕಡೆ ಸ್ವಲ್ಪ ಮೈನಸ್, ಹೈಡ್ರೋಜನ್ ಕಡೆ ಸ್ವಲ್ಪ ಪ್ಲಸ್. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ ಕಡೆ ವಾಲುತ್ತದೆ. ಇದೇ ಹೈಡ್ರೋಜನ್ ಬಂಧ. ಆಕ್ಸಿಜನ್ ಜಾಗದಲ್ಲಿ ಅದರ ಕೆಳಗಿನ ಗಂಧಕ ಬಂದರೆ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ, ಅದು ಮೈನಸ್ 60 ಡಿಗ್ರಿಗೇ ಕುದಿಯುತ್ತದೆ. ನೀರು 100ಕ್ಕೆ. ಹೈಡ್ರೋಜನ್ ಬಂಧ ಇಲ್ಲದಿದ್ದರೆ ನಮ್ಮ ಕೆರೆ-ಬಾವಿಯಲ್ಲಿ ಒಂದು ಹನಿ ನೀರೂ ನಿಲ್ಲುತ್ತಿರಲಿಲ್ಲ.

ಸಹವೇಲೆನ್ಸಿ ಬಂಧ ದುರ್ಬಲ, ಅದಕ್ಕೆ ಅಂಥ ವಸ್ತುಗಳು ಬೇಗ ಕರಗುತ್ತವೆ ಅನ್ನುವ ವಾಕ್ಯವನ್ನು ನೋಟ್ಸಿನಲ್ಲಿ ಬರೆದಿದ್ದರೆ ಈಗಲೇ ಹೊಡೆದು ಹಾಕಿ. ಮೇಣ ಕರಗುವಾಗ ಬಿಡುವುದು ಅಣುಗಳ ನಡುವಿನ ಸೆಳೆತ, ಒಳಗಿನ ಬಂಧ ಗಟ್ಟಿಯಾಗಿಯೇ ಇದೆ. ವಜ್ರದಲ್ಲಿ ಬಿಡಿ ಅಣುಗಳೇ ಇಲ್ಲ, ಇಡೀ ಹರಳು ಸಹವೇಲೆನ್ಸಿ ಬಂಧದ ಬಲೆ. ಅದರ ಗಟ್ಟಿತನ ನಿಮಗೆ ಗೊತ್ತೇ ಇದೆ.

ಎಂಟು ಆಗದಿದ್ದಾಗ

ಚುಕ್ಕಿ ಬಿಡಿಸಿದ ಮೇಲೆ ಲೆಕ್ಕ ಕೂಡಿಬರದಿದ್ದರೆ ಪ್ರತಿ ಸಲ ನಿಮ್ಮದೇ ತಪ್ಪು ಅಂದುಕೊಳ್ಳಬೇಡಿ. ನೈಟ್ರಿಕ್ ಆಕ್ಸೈಡಿನಲ್ಲಿ ಒಟ್ಟು 11 ಎಲೆಕ್ಟ್ರಾನ್, ಬೆಸ ಸಂಖ್ಯೆ, ಎಲ್ಲರಿಗೂ ಎಂಟು ಕೊಡಲು ಸಾಧ್ಯವೇ ಇಲ್ಲ. ಸಲ್ಫರ್ ಹೆಕ್ಸಾಫ್ಲೋರೈಡಿನಲ್ಲಿ ಗಂಧಕದ ಸುತ್ತ ಆರು ಜೋಡಿ ಬರುತ್ತದೆ. ಆಕ್ಸಿಜನ್ ಅಣುವನ್ನು ದ್ವಿಬಂಧ ಹಾಕಿ ಬಿಡಿಸಿದರೆ ಎಲ್ಲ ಎಲೆಕ್ಟ್ರಾನ್‌ಗಳೂ ಜೋಡಿಯಾಗಿ ಕಾಣುತ್ತವೆ, ಆದರೆ ದ್ರವ ಆಕ್ಸಿಜನ್ ಆಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ, ಅಂದರೆ ಜೋಡಿಯಾಗದ ಎಲೆಕ್ಟ್ರಾನ್ ಇರಲೇಬೇಕು. ಚುಕ್ಕಿ ರಚನೆಗೆ ಇದನ್ನು ತೋರಿಸಲು ಬರುವುದಿಲ್ಲ. ಪಿಯುಸಿಯಲ್ಲಿ ಮಾಲಿಕ್ಯುಲರ್ ಆರ್ಬಿಟಲ್ (ಎಲೆಕ್ಟ್ರಾನ್‌ಗಳು ಇಡೀ ಅಣುವಿಗೆ ಸೇರಿದವು ಅಂತ ನೋಡುವ ವಿಧಾನ) ಬರುವುದು ಇಂಥ ಕಡೆ ಕೆಲಸಕ್ಕೆ.

ಕೊನೆಗೆ ಒಂದು ನೀವೇ ಬಿಡಿಸಿ. ಬೋರಾನ್ ಟ್ರೈಫ್ಲೋರೈಡ್: ಬೋರಾನ್ 3, ಮೂರು ಫ್ಲೋರಿನ್‌ನಿಂದ 21, ಒಟ್ಟು 24. ಮೂರು ಗೆರೆ ಎಳೆದು ಫ್ಲೋರಿನ್‌ಗಳಿಗೆ ಚುಕ್ಕಿ ತುಂಬಿದರೆ 24 ಮುಗಿಯುತ್ತದೆ, ಬೋರಾನ್ ಸುತ್ತ ಆರೇ ಇರುತ್ತದೆ. ಫ್ಲೋರಿನ್‌ನಿಂದ ಜೋಡಿ ಸರಿಸಿ ದ್ವಿಬಂಧ ಮಾಡಲು ಹೋಗಬೇಡಿ, ಅಷ್ಟು ಬಿಗಿಯಾಗಿ ಹಿಡಿದಿರುವ ಫ್ಲೋರಿನ್ ಸುಲಭಕ್ಕೆ ಬಿಡುವುದಿಲ್ಲ, ಆರೇ ಸರಿ ಉತ್ತರ. ಈಗ ಪಕ್ಕದಲ್ಲಿ ಅಮೋನಿಯಾ ಬಿಡಿಸಿ, ನೈಟ್ರೋಜನ್ ಮೇಲೆ ಆ ಒಂಟಿ ಜೋಡಿಯನ್ನು ಮರೆಯದೆ ಇಡಿ. ಬೋರಾನ್‌ಗೆ ಒಂದು ಜೋಡಿ ಕಡಿಮೆ, ನೈಟ್ರೋಜನ್ ಹತ್ತಿರ ಒಂದು ಜೋಡಿ ಸುಮ್ನೆ ಇದೆ. ಇವೆರಡು ಅನಿಲಗಳನ್ನು ಸೇರಿಸಿದರೆ ಬಿಳಿ ಪುಡಿಯಂಥ ಗಟ್ಟಿ ವಸ್ತು ಆಗುತ್ತದೆ. ಆ ಹೊಸ ಗೆರೆ ಎಲ್ಲಿಂದ ಎಲ್ಲಿಗೆ, ಅದರ ಎರಡೂ ಎಲೆಕ್ಟ್ರಾನ್ ಯಾರು ಕೊಟ್ಟದ್ದು ಅಂತ ನಿಮ್ಮ ಚಿತ್ರದಲ್ಲೇ ಬಾಣ ಹಾಕಿ ತೋರಿಸಿ. ಬಾಣ ನೈಟ್ರೋಜನ್‌ನಿಂದ ಬೋರಾನ್ ಕಡೆಗೆ ಇದ್ದರೆ ಸರಿ, ಕೋಆರ್ಡಿನೇಟ್ ಬಂಧವನ್ನು ನೀವು ಬಿಡಿಸಿಬಿಟ್ಟಿದ್ದೀರಿ.